ಸಂಜೆಯಾದರೆ ಖಾಲಿಯಾಗುತ್ತಿದ್ದ ಕ್ಯಾಂಪಸ್: ಒಂದು ಪ್ರಕರಣ ಅಧ್ಯಯನ

ಇದು ಉತ್ತರ ಕರ್ನಾಟಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ನಡೆದದ್ದು. ಹೆಸರು, ಜಿಲ್ಲೆ, ಅಧಿಕಾರದಲ್ಲಿದ್ದವರು ಯಾರು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ವಿದ್ಯಾರ್ಥಿ ಕ್ಷೇಮಪಾಲನಾ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯನಾಗಿದ್ದೆ. ಹಾಗಾಗಿ ಯಾವ ನಿರ್ಧಾರ ಯಾಕೆ ಆಯಿತು, ಯಾರು ಎಲ್ಲಿ ತಡೆದರು ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. ಬೇರೆ ಕ್ಯಾಂಪಸ್‌ಗಳಲ್ಲಿ ಇದೇ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಹಿನ್ನೆಲೆ

ಕ್ಯಾಂಪಸ್ ಇರುವುದು ಜಿಲ್ಲಾ ಕೇಂದ್ರದಿಂದ ಹತ್ತು ಹನ್ನೆರಡು ಕಿಲೋಮೀಟರ್ ಆಚೆ, ಹೆದ್ದಾರಿ ಬದಿಯ ಬಯಲಿನಲ್ಲಿ. ನಮ್ಮ ರಾಜ್ಯದಲ್ಲಿ ಇದು ಹೊಸದೇನಲ್ಲ. 1960ರಲ್ಲಿ ಶುರುವಾದ ಮೈಸೂರಿನ ಮಾನಸಗಂಗೋತ್ರಿ ಕುಕ್ಕರಹಳ್ಳಿ ಕೆರೆಯ ಪಕ್ಕದಲ್ಲೇ ಇದೆ. ಅಲ್ಲಿನ ಹುಡುಗರು ನಡೆದುಕೊಂಡೇ ಊರೊಳಗೆ ಹೋಗಿಬರಬಹುದು. ಆಮೇಲೆ ಬಂದ ಹಲವು ವಿಶ್ವವಿದ್ಯಾಲಯಗಳಿಗೆ ಜಾಗ ಸಿಕ್ಕಿದ್ದು ಊರಾಚೆ. ಮಂಗಳೂರಿನಿಂದ ಸುಮಾರು 20 ಕಿಲೋಮೀಟರ್ ದೂರದ ಕೊಣಾಜೆಯ ಮಂಗಳಗಂಗೋತ್ರಿ ಹಾಗೆ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯವೂ ಹಾಗೆ. ಜಾಗ ವಿಶಾಲವಾಗಿ ಸಿಗುತ್ತದೆ, ಗಲಾಟೆ ಇರುವುದಿಲ್ಲ. ಆದರೆ ಊರೊಳಗಿನ ಕ್ಯಾಂಪಸ್ಸಿಗೆ ಅರ್ಧ ಕೆಲಸವನ್ನು ಊರೇ ಮಾಡಿಕೊಡುತ್ತದೆ. ಚಹಾ ಅಂಗಡಿ, ಜೆರಾಕ್ಸ್, ಬಜ್ಜಿ ಗಾಡಿ, ಸಿನಿಮಾ, ಹೊತ್ತಿಗೊಂದು ಬಸ್ಸು, ಎಲ್ಲ ಇರುತ್ತದೆ. ಊರಾಚೆಯ ಕ್ಯಾಂಪಸ್ ಇದನ್ನೆಲ್ಲ ತಾನೇ ಹೊಂದಿಸಬೇಕು. ಇಲ್ಲದಿದ್ದರೆ ಅಲ್ಲಿ ಕಟ್ಟಡಗಳಷ್ಟೇ ಇರುತ್ತವೆ.

ಇಲ್ಲಿನ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಜನ ಮನೆಯಲ್ಲಿ ಮೊದಲ ಬಾರಿಗೆ ಎಂ.ಎ., ಎಂ.ಎಸ್ಸಿ., ಎಂ.ಕಾಂ. ಮೆಟ್ಟಿಲು ಹತ್ತಿದವರು. ಕ್ಯಾಂಪಸ್ ಹಾಸ್ಟೆಲ್‌ನಲ್ಲಿ ಸ್ವಲ್ಪ ಜನ. ಉಳಿದವರು ಊರೊಳಗಿನ ಬಿಸಿಎಂ (ಹಿಂದುಳಿದ ವರ್ಗಗಳ) ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಲ್ಲಿ ಇರುತ್ತಾರೆ, ಇಲ್ಲವೇ ಸುತ್ತಲಿನ ಹಳ್ಳಿಗಳಿಂದ ದಿನಾ ಬರುತ್ತಾರೆ.

ಸಮಸ್ಯೆ ಕಣ್ಣಿಗೆ ಬಿದ್ದದ್ದು

ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಆಗ ವಿದ್ಯಾರ್ಥಿಗಳ ತೃಪ್ತಿಯ ಸಮೀಕ್ಷೆಯೂ ಸೇರಿತ್ತು. ಅದಕ್ಕೆ ತಯಾರಾಗಲೆಂದು ವಿಶ್ವವಿದ್ಯಾಲಯ ಮೊದಲು ತನ್ನದೇ ಒಂದು ಸಮೀಕ್ಷೆ ಮಾಡಿತು. ಪಾಠದ ಬಗ್ಗೆ, ಮೇಷ್ಟ್ರುಗಳ ಬಗ್ಗೆ ಮಕ್ಕಳು ಒಳ್ಳೆಯದನ್ನೇ ಬರೆದಿದ್ದರು. ಕೊನೆಯಲ್ಲಿ ಬಿಟ್ಟ ಖಾಲಿ ಜಾಗದಲ್ಲಿ ಮಾತ್ರ ಒಂದೇ ಅರ್ಥದ ಮಾತು ಮತ್ತೆ ಮತ್ತೆ ಬಂದಿತ್ತು: ಕ್ಲಾಸ್ ಮುಗಿದ ಮೇಲೆ ಇಲ್ಲಿ ಇರಬೇಕು ಅನ್ನಿಸುವುದಿಲ್ಲ.

ನಿಜಕ್ಕೂ ಯಾರೂ ಇರುತ್ತಿರಲಿಲ್ಲ. ನಾಲ್ಕೂವರೆ ಬಸ್ಸು ಹೊರಟಿತೆಂದರೆ ಕ್ಯಾಂಪಸ್ ಭಣಭಣ. ಉಳಿಯುತ್ತಿದ್ದವರು ಹಾಸ್ಟೆಲ್ ಹುಡುಗರು, ನಾಲ್ಕು ಜನ ರಿಸರ್ಚ್ ಸ್ಕಾಲರ್‌ಗಳು, ಸೆಕ್ಯುರಿಟಿಯವರು. ಎರಡು ವರ್ಷ ಓದಿ ಹೋದವರಿಗೆ ಪಕ್ಕದ ವಿಭಾಗದಲ್ಲಿ ಒಬ್ಬ ಸ್ನೇಹಿತನೂ ಇರುತ್ತಿರಲಿಲ್ಲ. ನನಗೆ ಅತಿ ಹೆಚ್ಚು ನೋವು ಕೊಟ್ಟದ್ದು ಇದೇ. ಸ್ನಾತಕೋತ್ತರ ಓದಿನ ಅರ್ಧ ಭಾಗ ಕ್ಲಾಸಿನ ಹೊರಗೆ ನಡೆಯಬೇಕು. ಕಾಮರ್ಸ್ ಹುಡುಗಿ ಇತಿಹಾಸದ ಹುಡುಗನ ಜೊತೆ ಜಗಳವಾಡಬೇಕು. ಸ್ಪರ್ಧಾತ್ಮಕ ಪರೀಕ್ಷೆಗೆ ನಾಲ್ಕು ವಿಭಾಗದವರು ಸೇರಿ ಓದಬೇಕು. ಅದಕ್ಕೆಲ್ಲ ಹೊತ್ತು ಬೇಕಲ್ವಾ?

ಮೊದಲ ಪ್ರಯತ್ನ: ಉದ್ಯಾನ ಮತ್ತು ಉತ್ಸವ

ಸಮೀಕ್ಷೆ ನೋಡಿದ ಆಡಳಿತ ಸುಮ್ಮನೆ ಕೂರಲಿಲ್ಲ. ದುಡ್ಡನ್ನೂ ತೆಗೆದಿಟ್ಟಿತು. ಆಡಳಿತ ಕಟ್ಟಡದ ಎದುರು ಉದ್ಯಾನವಾಯಿತು. ಹುಲ್ಲುಹಾಸು, ಕಾರಂಜಿ, ಸುತ್ತ ಕಬ್ಬಿಣದ ಬೇಲಿ, ಸಾಲಾಗಿ ಸ್ಟೀಲ್ ಬೆಂಚು, ನೆಟ್ಟಗೆ ಬೆಳೆಯುವ ಅಶೋಕದ ಗಿಡಗಳು. ‘ಹುಲ್ಲಿನ ಮೇಲೆ ನಡೆಯಬೇಡಿ’ ಎಂಬ ಫಲಕವೂ ಬಂತು. ಒಂದು ಓಪನ್ ಜಿಮ್ ಬಂತು. ಮೂರು ದಿನಗಳ ಯುವಜನೋತ್ಸವ ನಡೆಯಿತು.

ಉತ್ಸವ ಚೆನ್ನಾಗಿಯೇ ನಡೆಯಿತು. ಡೊಳ್ಳು, ಹಂತಿ ಪದ, ನಾಟಕ, ಮಕ್ಕಳು ಜೀವ ತುಂಬಿ ಮಾಡಿದರು. ಅದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ನಾಲ್ಕನೇ ದಿನ ಅದೇ ಮಕ್ಕಳು ಅದೇ ನಾಲ್ಕೂವರೆ ಬಸ್ಸಿಗೆ ಓಡಿದರು.

ಉದ್ಯಾನದಲ್ಲಿ ಒಬ್ಬರೂ ಕೂರಲಿಲ್ಲ. ಕಾರಣ ಅಲ್ಲಿಗೆ ಮಧ್ಯಾಹ್ನ ಮೂರಕ್ಕೆ ಹೋದರೆ ಗೊತ್ತಾಗುತ್ತಿತ್ತು. ಅದು ಕಟ್ಟಡದ ಪಶ್ಚಿಮಕ್ಕಿದೆ. ಊಟದ ಹೊತ್ತಿನಿಂದ ಸೂರ್ಯ ಮುಳುಗುವವರೆಗೆ ನೇರ ಬಿಸಿಲು. ನಮ್ಮ ಕಡೆ ಏಪ್ರಿಲ್ ಬಿಸಿಲು 40 ಡಿಗ್ರಿ ದಾಟುತ್ತದೆ. ಸ್ಟೀಲ್ ಬೆಂಚು ಮುಟ್ಟಿದರೆ ಕೈ ಸುಡುತ್ತದೆ. ಅಶೋಕದ ಗಿಡ ಎಷ್ಟು ಎತ್ತರ ಬೆಳೆದರೂ ಕೆಳಗೆ ಒಬ್ಬರಿಗೆ ನೆರಳು ಕೊಡುವುದಿಲ್ಲ. ಅಷ್ಟಾದ ಮೇಲೆ ಐದು ಗಂಟೆಗೆ, ತಂಪಾಗುವ ಹೊತ್ತಿಗೆ ಸರಿಯಾಗಿ, ಗೇಟಿಗೆ ಬೀಗ.

ತಿರುವು: ಕೇಳುವುದು ಬಿಟ್ಟು ನೋಡಿದ್ದು

ಎರಡನೇ ಹಂತದಲ್ಲಿ ಸಂಗೀತ ಕಾರಂಜಿ ಮಾಡಬೇಕೆಂಬ ಪ್ರಸ್ತಾವ ಸಮಿತಿಯ ಮುಂದೆ ಬಂತು. ಆಗ ಒಬ್ಬ ಅತಿಥಿ ಉಪನ್ಯಾಸಕಿ ಒಂದು ಮಾತು ಹೇಳಿದರು. ‘ಏನು ಬೇಕು ಅಂತ ಕೇಳಿದರೆ ಹುಡುಗರು ವೈಫೈ, ಜಿಮ್ ಅಂತಾರೆ. ಅವರು ಈಗ ಎಲ್ಲಿ ಕೂತಿರ್ತಾರೆ ಅಂತ ಮೊದಲು ನೋಡೋಣ.’ ಅಂದು ಸಭೆಯಲ್ಲಿ ಅವರಿಗೆ ಮತ ಹಾಕುವ ಅಧಿಕಾರವೂ ಇರಲಿಲ್ಲ, ವಿಶೇಷ ಆಹ್ವಾನಿತೆಯಾಗಿ ಬಂದಿದ್ದರು. ಇಡೀ ಪ್ರಕರಣ ತಿರುಗಿದ್ದು ಆ ಒಂದು ಮಾತಿನಿಂದ.

ಒಂದು ವಾರ ನಾವು ಮಧ್ಯಾಹ್ನ ಒಂದಕ್ಕೆ, ಮೂರಕ್ಕೆ, ಐದಕ್ಕೆ ಕ್ಯಾಂಪಸ್ ಸುತ್ತಿದೆವು. ಯಾರನ್ನೂ ಮಾತನಾಡಿಸದೆ, ಎಲ್ಲಿ ಯಾರಿದ್ದಾರೆ ಎಂದಷ್ಟೇ ಬರೆದುಕೊಂಡೆವು. ಮಕ್ಕಳು ಕೂರುತ್ತಿದ್ದ ಜಾಗಗಳು ಯಾವ ನಕ್ಷೆಯಲ್ಲೂ ಇರಲಿಲ್ಲ. ಗ್ರಂಥಾಲಯದ ಪೂರ್ವದ ಗೋಡೆಯ ಬುಡದಲ್ಲಿ ಕೂರುತ್ತಿದ್ದರು, ಯಾಕೆಂದರೆ ಮಧ್ಯಾಹ್ನದ ಮೇಲೆ ಕಟ್ಟಡದ ನೆರಳು ಆ ಕಡೆಗೇ ಬೀಳುತ್ತದೆ. ಪರೀಕ್ಷಾ ವಿಭಾಗದ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಎರಡು ದೊಡ್ಡ ಬೇವಿನ ಮರಗಳ ಕೆಳಗೆ, ಯಾವುದೋ ಕಾಮಗಾರಿಯಲ್ಲಿ ಉಳಿದುಹೋದ ಸಿಮೆಂಟ್ ಪೈಪಿನ ಮೇಲೆ ಕೂರುತ್ತಿದ್ದರು. ಉಳಿದವರು ಬಸ್ ತಂಗುದಾಣದಲ್ಲಿ.

ಈ ಎಲ್ಲ ಜಾಗಗಳಿಂದಲೂ ಅವರನ್ನು ಎಬ್ಬಿಸಲಾಗುತ್ತಿತ್ತು! ಗ್ರಂಥಾಲಯದ ಹತ್ತಿರ ಗಲಾಟೆ ಎಂದು, ಪರೀಕ್ಷಾ ವಿಭಾಗದ ಹತ್ತಿರ ಗೌಪ್ಯತೆ ಎಂದು, ಬೇವಿನ ಮರದ ಕೆಳಗೆ ಹುಡುಗ ಹುಡುಗಿ ಒಟ್ಟಿಗೆ ಕೂರುತ್ತಾರೆ ಎಂದು. ಸೆಕ್ಯುರಿಟಿಯವರು ಸೀಟಿ ಊದುತ್ತಿದ್ದರು. ಅವರದು ತಪ್ಪಲ್ಲ, ಅವರಿಗೆ ಹಾಗೆ ಹೇಳಿದ್ದರು.

ಇನ್ನೊಂದು ವಿಷಯ ಗೊತ್ತಾಗಿದ್ದು ಮಹಿಳಾ ಸದಸ್ಯೆಯೊಬ್ಬರು ವಿದ್ಯಾರ್ಥಿನಿಯರ ಜೊತೆ ಬೇರೆಯಾಗಿ ಕೂತು ಮಾತನಾಡಿದಾಗ. ವಿಭಾಗಗಳಿಗೆ ಅಟೆಂಡರ್ ಐದಕ್ಕೆ ಬೀಗ ಹಾಕುತ್ತಿದ್ದರು. ಹೆಣ್ಣುಮಕ್ಕಳ ಶೌಚಾಲಯಗಳೆಲ್ಲ ಇದ್ದದ್ದು ವಿಭಾಗಗಳ ಒಳಗೆ. ಒಬ್ಬ ಹುಡುಗಿ ಹೇಳಿದ್ದು ಹೀಗೆ: ‘ಸಂಜೀತನಾ ಇರೂದಿತ್ತಂದ್ರ ಮಧ್ಯಾಹ್ನದಿಂದ ನೀರ ಕುಡ್ಯಂಗಿಲ್ರೀ ಮೇಡಂ.’ ಈ ಮಾತನ್ನು ಸಭೆಯಲ್ಲಿ ಓದಿದಾಗ ಕಾರಂಜಿಯ ವಿಷಯ ಮತ್ತೆ ಯಾರೂ ಎತ್ತಲಿಲ್ಲ.

ಕುಲಪತಿಗಳು ಆ ದಿನವೇ ಒಂದು ನಿರ್ಧಾರ ಮಾಡಿದರು. ಮುಂದಿನ ಒಂದು ವರ್ಷ ಹೊಸ ಕಟ್ಟಡ, ಹೊಸ ಉದ್ಯಾನ ಬೇಡ. ಸಂಜೆ ನಾಲ್ಕೂವರೆಯಿಂದ ಎಂಟರವರೆಗೆ ಒಬ್ಬ ವಿದ್ಯಾರ್ಥಿನಿ ಇಲ್ಲಿ ನೆಮ್ಮದಿಯಾಗಿ ಇರಲು ಏನು ಬೇಕೋ ಅಷ್ಟನ್ನೇ ಮಾಡೋಣ ಎಂದರು. ಹುಡುಗಿಯೊಬ್ಬಳನ್ನು ಮನಸ್ಸಿನಲ್ಲಿಟ್ಟುಕೊಂಡು ಯೋಚಿಸಿದ್ದು ದೊಡ್ಡ ಉಪಕಾರವಾಯಿತು. ಅವಳು ಇರಬಹುದಾದ ಜಾಗದಲ್ಲಿ ಎಲ್ಲರೂ ಇರಬಹುದು.

ಕಲ್ಲು, ನೆರಳು, ಚಹಾ

ಸಣ್ಣ ಕೆಲಸಕ್ಕೆ ದೊಡ್ಡ ಅಡ್ಡಿ ಎದುರಾಯಿತು. ಎಂಜಿನಿಯರಿಂಗ್ ವಿಭಾಗದವರು, ಇಷ್ಟು ಚಿಕ್ಕ ಕೆಲಸಕ್ಕೆ ಟೆಂಡರ್ ಕರೆದರೆ ಯಾರೂ ಬರುವುದಿಲ್ಲ, ಯಾವ ಲೆಕ್ಕಶೀರ್ಷಿಕೆಯಲ್ಲಿ ಹಾಕುವುದು ಎಂದರು. ಕುಲಸಚಿವರು ಅದನ್ನು ವಾರ್ಷಿಕ ನಿರ್ವಹಣೆಯ ಬಾಬತ್ತಿಗೆ ಸೇರಿಸಿ ದಾರಿ ಮಾಡಿಕೊಟ್ಟರು. ಇಟ್ಟಿಗೆ ಕಾಲು ಕಟ್ಟಿ ಮೇಲೆ ಶಹಾಬಾದ್ ಕಲ್ಲಿನ ಚಪ್ಪಡಿ ಹಾಸಿದರು. ನಮ್ಮ ಕಡೆ ಅದು ಸುಲಭವಾಗಿ, ಕಡಿಮೆ ಬೆಲೆಗೆ ಸಿಗುವ ಕಲ್ಲು. ನೆರಳಿನಲ್ಲಿದ್ದರೆ ತಣ್ಣಗಿರುತ್ತದೆ.

ಕಲ್ಲುಗಳನ್ನು ಹಾಕಿದ್ದು ಮಕ್ಕಳು ಆಗಲೇ ಕೂರುತ್ತಿದ್ದ ಜಾಗಗಳಲ್ಲಿ. ಬೇವಿನ ಬುಡದಲ್ಲಿ, ಗ್ರಂಥಾಲಯದ ಪೂರ್ವಕ್ಕೆ. ಸಾಲಾಗಿ ಹಾಕದೆ ಮೂಲೆ ಸೇರಿಸಿ ಹಾಕಿದರು. ಸಾಲು ಬೆಂಚಿನಲ್ಲಿ ಇಬ್ಬರು ಮಾತನಾಡಬಹುದು. ಆರು ಜನ ಮಾತನಾಡಬೇಕಾದರೆ ಮುಖ ಕಾಣಬೇಕು. ನ್ಯೂಯಾರ್ಕಿನ ಚೌಕಗಳಲ್ಲಿ ಜನ ಎಲ್ಲಿ ಕೂರುತ್ತಾರೆ ಎಂದು 1970ರ ದಶಕದಲ್ಲಿ ವರ್ಷಗಟ್ಟಲೆ ಗಮನಿಸಿದ ವಿಲಿಯಂ ವೈಟ್ ಎಂಬವರು ಕಂಡುಕೊಂಡದ್ದೂ ಇಷ್ಟೇ ಸರಳ: ಕೂರಲು ಜಾಗ ಇದ್ದಲ್ಲಿ ಜನ ಕೂರುತ್ತಾರೆ. ಅದಕ್ಕೆ ನಮ್ಮ ಬಿಸಿಲನ್ನು ಸೇರಿಸಿಕೊಂಡರೆ ಸಾಕು.

ಪರೀಕ್ಷಾ ವಿಭಾಗದ ಮೆಟ್ಟಿಲನ್ನು ಬಿಟ್ಟುಕೊಡಲು ಆಗಲಿಲ್ಲ. ಅಲ್ಲಿನವರ ಆತಂಕ ಸರಿಯಾಗಿಯೇ ಇತ್ತು. ಅದರ ಬದಲು ಎದುರಿಗೆ ಹೊಂಗೆ ಗಿಡಗಳನ್ನು ನೆಟ್ಟರು. ಹೊಂಗೆ ಬೇಸಿಗೆ ಶುರುವಾಗುವ ಹೊತ್ತಿಗೆ ಹೊಸ ಚಿಗುರು ಹೊದ್ದು ನಿಲ್ಲುತ್ತದೆ, ನೆರಳು ಬೇಕಾದಾಗ ನೆರಳು ಕೊಡುತ್ತದೆ. ನಾಲ್ಕೈದು ವರ್ಷ ಕಾಯಬೇಕು, ಅಷ್ಟೇ.

ಗ್ರಂಥಾಲಯದ ಹೊರಬಾಗಿಲಿಂದಲೇ ಹೋಗಬಹುದಾದ ಶೌಚಾಲಯವನ್ನು ದುರಸ್ತಿ ಮಾಡಿ ರಾತ್ರಿ ಎಂಟೂವರೆವರೆಗೆ ತೆರೆದಿಟ್ಟರು. ಗ್ರಂಥಾಲಯವೂ ಎಂಟರವರೆಗೆ ತೆರೆಯಿತು. ಕ್ಯಾಂಟೀನ್ ಗುತ್ತಿಗೆದಾರ ಮೊದಲು ಒಪ್ಪಲಿಲ್ಲ. ಸಂಜೆ ಗಿರಾಕಿ ಎಲ್ಲಿದ್ದಾರೆ ಎಂಬ ಅವನ ಪ್ರಶ್ನೆ ನ್ಯಾಯವಾದದ್ದೇ. ಬಾಡಿಗೆಯಲ್ಲಿ ಸ್ವಲ್ಪ ಕಡಿಮೆ ಮಾಡಿದ ಮೇಲೆ ಏಳೂವರೆವರೆಗೆ ಚಹಾ, ಮಿರ್ಚಿ ಭಜಿ, ಸುಸಲಾ ಕೊಡಲು ಒಪ್ಪಿದ.

ಬಸ್ಸಿನ ಪೇಚು

ಎಲ್ಲಕ್ಕಿಂತ ಕಷ್ಟವಾದದ್ದು ಬಸ್ಸು. ಸಂಜೆ ಜನರೇ ಇಲ್ಲದ ಕಡೆಗೆ ಗಾಡಿ ಯಾಕೆ ಕಳಿಸಲಿ ಎಂದು ಡಿಪೊ ಮ್ಯಾನೇಜರ್ ಕೇಳಿದರು. ಬಸ್ಸೇ ಇಲ್ಲದಿದ್ದರೆ ಉಳಿಯುವುದು ಹೇಗೆ ಎಂದು ಮಕ್ಕಳು ಕೇಳಿದರು. ಇಬ್ಬರ ಮಾತೂ ನಿಜ. ಯಾರಾದರೂ ಒಬ್ಬರು ಮೊದಲು ನಂಬಬೇಕಿತ್ತು.

ಒಂದು ತಿಂಗಳ ಮಟ್ಟಿಗೆ ಏಳೂಮುಕ್ಕಾಲಿಗೆ ಒಂದು ಬಸ್ಸು ಬಿಡಲು ಡಿಪೊ ಒಪ್ಪಿತು. ಮೊದಲ ವಾರ ಅದು ಖಾಲಿ ಓಡಿತು. ಎರಡನೇ ವಾರವೂ ಜಾಸ್ತಿ ಜನ ಇರಲಿಲ್ಲ. ನಿಲ್ಲಿಸುತ್ತೇವೆ ಎಂದು ಫೋನ್ ಬಂತು. ಸಮಿತಿಯಲ್ಲೂ ಇಬ್ಬರು ಸಾಕು ಬಿಡಿ ಎಂದರು. ಹಟ ಹಿಡಿದವರು ಕುಲಪತಿಗಳು. ತಿಂಗಳು ಮುಗಿಯಲಿ ಎಂದು ಡಿಪೊಗೆ ಪತ್ರ ಬರೆದರು. ಜೊತೆಗೆ ಕನ್ನಡ ಮತ್ತು ಇತಿಹಾಸ ವಿಭಾಗದವರು ತಮ್ಮ ವಾರದ ಉಪನ್ಯಾಸವನ್ನು ಮಧ್ಯಾಹ್ನದಿಂದ ಸಂಜೆ ಐದಕ್ಕೆ, ಬೇವಿನ ಮರದ ಕೆಳಗೆ ಸ್ಥಳಾಂತರಿಸಿದರು. ದೈಹಿಕ ಶಿಕ್ಷಣ ನಿರ್ದೇಶಕರು ವಾಲಿಬಾಲ್ ನೆಟ್ಟನ್ನು ಸಂಜೆಯೂ ಬಿಚ್ಚದೆ ಬಿಟ್ಟರು, ಚೆಂಡನ್ನು ಕ್ಯಾಂಟೀನಿನಲ್ಲಿ ಇಟ್ಟರು. ಅದಕ್ಕೆ ಮೊದಲು ಚೆಂಡು ಬೇಕಾದರೆ ಅರ್ಜಿ ಬರೆಯಬೇಕಿತ್ತು.

ತಿಂಗಳ ಕೊನೆಗೆ ಬಸ್ಸಿನಲ್ಲಿ ನಿಂತು ಹೋಗುವವರೂ ಇದ್ದರು. ಒಂದೊಂದಾಗಿ ಮಾಡಿದ್ದರೆ ಇದು ಆಗುತ್ತಿರಲಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಸ್ಸಿದ್ದು ಚಹಾ ಇಲ್ಲದಿದ್ದರೆ, ಚಹಾ ಇದ್ದು ಶೌಚಾಲಯಕ್ಕೆ ಬೀಗವಿದ್ದರೆ, ಸಂಜೆ ಯಾರೂ ಉಳಿಯುವುದಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಇನ್ನಷ್ಟು ಅನುಕೂಲವಾಯಿತು. ಅದಕ್ಕೆ ಮೊದಲು ಪಾಸಿನಲ್ಲಿ ಬರೆದ ಮಾರ್ಗದ ಬಸ್ಸಿಗೇ ಕಾಯಬೇಕಿತ್ತು. ಈಗ ಹೆದ್ದಾರಿಯಲ್ಲಿ ನಿಲ್ಲುವ ಯಾವ ಸಾಮಾನ್ಯ ಸರ್ಕಾರಿ ಬಸ್ಸನ್ನಾದರೂ ಹತ್ತಬಹುದು. ತಡವಾದರೆ ಕೈಯಲ್ಲಿ ದುಡ್ಡಿಲ್ಲ ಎಂಬ ಭಯ ಹೋಯಿತು. ಸಂಜೆಯ ಗುಂಪಿನಲ್ಲಿ ಹುಡುಗಿಯರು ಹೆಚ್ಚಾದದ್ದು ಆಮೇಲೆಯೇ.

ಮೂಕರ್ಜಿ ಮತ್ತು ಹಾಸ್ಟೆಲ್ ಹೊತ್ತು

ಇಷ್ಟಾದಾಗ ಕುಲಪತಿಗಳಿಗೆ ಒಂದು ಮೂಕರ್ಜಿ ಬಂತು. ಮರದ ಕೆಳಗೆ ಹುಡುಗ ಹುಡುಗಿಯರು ಕತ್ತಲಾಗುವವರೆಗೆ ಕೂರುತ್ತಾರೆ, ಸಂಸ್ಕೃತಿ ಹಾಳಾಗುತ್ತಿದೆ ಎಂದು. ಅದರ ಒಂದು ಪ್ರತಿ ಸ್ಥಳೀಯ ಪತ್ರಿಕೆಯವರಿಗೂ ಹೋಗಿತ್ತು. ಸುಲಭದ ದಾರಿ ಸೀಟಿಯನ್ನು ಮತ್ತೆ ತರುವುದು. ಕೆಲವರು ಅದನ್ನೇ ಸೂಚಿಸಿದರು.

ಸಮಿತಿಯ ಕಾನೂನು ಅಧ್ಯಾಪಕರೊಬ್ಬರು ಯುಜಿಸಿಯ 2015ರ ಲೈಂಗಿಕ ಕಿರುಕುಳ ತಡೆ ನಿಯಮಾವಳಿಯನ್ನು ತಂದು ಮೇಜಿನ ಮೇಲಿಟ್ಟರು. ಅದರಲ್ಲಿ ವಿಷಯ ಸ್ಪಷ್ಟವಾಗಿದೆ. ಸುರಕ್ಷತೆಯ ಹೆಸರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್‌ಗೆ ಗಂಡುಮಕ್ಕಳಿಗಿಲ್ಲದ ನಿಯಮ ಹೇರಬಾರದು. ಅತಿಯಾದ ಕಾವಲು ಹಾಕಿ ಓಡಾಟಕ್ಕೆ ಅಡ್ಡಿ ಮಾಡಬಾರದು. ಸಾಕಷ್ಟು ಬೆಳಕು ಇರಬೇಕು. ನಮ್ಮಲ್ಲಿ ಹುಡುಗಿಯರ ಹಾಸ್ಟೆಲ್ ಗೇಟು ಆರೂವರೆಗೆ ಮುಚ್ಚುತ್ತಿತ್ತು, ಹುಡುಗರದು ಒಂಬತ್ತಕ್ಕೆ. ಗ್ರಂಥಾಲಯ ಎಂಟರವರೆಗೆ ತೆರೆದಿದ್ದರೂ ನೂರಿನ್ನೂರು ಹೆಜ್ಜೆ ದೂರದ ಹಾಸ್ಟೆಲ್ ಹುಡುಗಿಯರಿಗೇ ಅದು ಸಿಗುತ್ತಿರಲಿಲ್ಲ.

ವಾರ್ಡನ್ ಮೇಡಂ ವಿರೋಧಿಸಿದರು. ಅವರ ಮಾತನ್ನು ಎಲ್ಲರೂ ಕೇಳಬೇಕು: ‘ನಾಳೆ ಏನರ ಆದ್ರ ಮೊದಲು ನನ್ನನ್ನ ಕೇಳ್ತಾರ. ಆವಾಗ ನೀವು ಯಾರೂ ಬರಂಗಿಲ್ಲ.’ ಅದು ಹಳೆಯ ಕಾಲದ ಯೋಚನೆಯಿಂದ ಬಂದ ಮಾತಲ್ಲ. ಹೊಣೆ ಪೂರ್ತಿ ತನ್ನೊಬ್ಬಳ ಮೇಲಿದೆ ಎಂಬ ಭಯದಿಂದ ಬಂದದ್ದು. ಆದ್ದರಿಂದ ಪರಿಹಾರವನ್ನೂ ಅಲ್ಲೇ ಹುಡುಕಬೇಕಾಯಿತು. ಎರಡೂ ಹಾಸ್ಟೆಲ್‌ಗೆ ಒಂಬತ್ತು ಗಂಟೆ ಎಂಬ ಆದೇಶ ಕುಲಪತಿಗಳ ಸಹಿಯಲ್ಲೇ ಹೊರಟಿತು. ಗ್ರಂಥಾಲಯದಿಂದ ಹಾಸ್ಟೆಲ್‌ವರೆಗೆ ದೀಪ ಹಾಕಿದರು, ಸಂಜೆ ಪಾಳಿಗೆ ಮಹಿಳಾ ಸೆಕ್ಯುರಿಟಿ ಬಂದರು. ಆಮೇಲೆ ವಾರ್ಡನ್ ಮೇಡಮ್ಮೇ ಪೋಷಕರ ಸಭೆ ನಡೆಸಿದರು.

ಆ ಸಭೆಗೆ ನಾವು ಹೆದರಿಕೊಂಡೇ ಹೋಗಿದ್ದೆವು. ಹಳ್ಳಿಯಿಂದ ಬಂದ ಒಬ್ಬ ಯಜಮಾನರು ಎದ್ದು ನಿಂತು ಕೇಳಿದ್ದು ಒಂದೇ: ‘ಲೈಟ್ ಹೋದ್ರ ಏನ್ಮಾಡ್ತೀರಿ ಸಾಹೇಬ್ರ?’ ಒಳ್ಳೆಯ ಪ್ರಶ್ನೆ. ಆ ದಾರಿಯ ದೀಪಗಳನ್ನು ಗ್ರಂಥಾಲಯದ ಜನರೇಟರ್‌ಗೆ ಜೋಡಿಸಿದ್ದು ಅದರಿಂದಲೇ. ಮೂಕರ್ಜಿಗೆ ಉತ್ತರ ಬರೆಯಲಿಲ್ಲ. ಸೀಟಿಯೂ ಮರಳಿ ಬರಲಿಲ್ಲ.

ಏನಾಯಿತು, ಏನಾಗಲಿಲ್ಲ

ಈಗ ಸಂಜೆ ಎರಡು ಬಸ್ಸು ಓಡುತ್ತವೆ. ಗುತ್ತಿಗೆ ನವೀಕರಣದ ಸಮಯದಲ್ಲಿ ಕ್ಯಾಂಟೀನಿನವನೇ ಸಂಜೆಯ ಹೊತ್ತನ್ನೂ ಸೇರಿಸಿ ಕೊಡಿ ಎಂದು ಕೇಳಿದ. ಕೆ-ಸೆಟ್, ಪಿಡಿಒ ಪರೀಕ್ಷೆಗೆ ಓದುವ ಗುಂಪುಗಳು ತಾವಾಗಿಯೇ ಹುಟ್ಟಿಕೊಂಡಿವೆ, ವಿಭಾಗದ ಗಡಿ ಅಲ್ಲಿಲ್ಲ. ಅರ್ಥಶಾಸ್ತ್ರದವರು ಬೇರೆಯವರಿಗೆ ಬಜೆಟ್ ಬಿಡಿಸಿ ಹೇಳುತ್ತಾರೆ, ಗಣಿತದವರು ಮೆಂಟಲ್ ಎಬಿಲಿಟಿ ಹೇಳಿಕೊಡುತ್ತಾರೆ. ಇದನ್ನು ಯಾರೂ ಏರ್ಪಡಿಸಲಿಲ್ಲ.

ಏರ್ಪಡಿಸಲು ಹೋದದ್ದು ಕೆಟ್ಟಿತು. ಸಂಜೆಯ ಗುಂಪು ನೋಡಿ ಉತ್ಸಾಹಗೊಂಡ ಆಡಳಿತ, ಬುಧವಾರ ಎಲ್ಲರೂ ಒಂದು ಸಂಘಕ್ಕೆ ಸೇರಲೇಬೇಕು, ಹಾಜರಾತಿ ಇರುತ್ತದೆ ಎಂದು ಸುತ್ತೋಲೆ ಕಳಿಸಿತು. ಎರಡು ತಿಂಗಳಲ್ಲಿ ಬುಧವಾರದ ಸಂಜೆಯೇ ವಾರದಲ್ಲಿ ಅತಿ ಖಾಲಿ ಸಂಜೆಯಾಯಿತು. ಹಾಜರಿ ಹಾಕಿಸಿಕೊಂಡು ಬಸ್ಸಿಗೆ ನಿಲ್ಲುತ್ತಿದ್ದರು. ಸುತ್ತೋಲೆಯನ್ನು ವಾಪಸ್ ತೆಗೆದುಕೊಂಡದ್ದು ನನ್ನ ಲೆಕ್ಕದಲ್ಲಿ ಬಸ್ಸಿನಷ್ಟೇ ಮುಖ್ಯವಾದ ನಿರ್ಧಾರ. ಕ್ಯಾಂಪಸ್ಸಿನ ಖುಷಿಯಲ್ಲಿ ದೊಡ್ಡ ಪಾಲು ‘ಯಾಕೆ ಕೂತಿದ್ದೀಯ?’ ಎಂದು ಯಾರೂ ಕೇಳದಿರುವುದರಲ್ಲಿದೆ. ಇಪ್ಪತ್ತೆರಡು ವರ್ಷದ ಹಳ್ಳಿಯ ಹುಡುಗಿಗೆ ಹಾಗೆ ಸುಮ್ನೆ ಕೂರಲು ಸಿಗುವ ಜಾಗ ಬೇರೆಲ್ಲೂ ಇಲ್ಲ. ಮನೆಯಲ್ಲಿ ಕೆಲಸ, ಊರಿನಲ್ಲಿ ಕಣ್ಣುಗಳು.

ಒಂದೇ ಹಾಸ್ಟೆಲ್ಲಿನವರು, ಅಂದರೆ ಬಹಳ ಸಲ ಒಂದೇ ಜಾತಿ ವರ್ಗದವರು, ಊಟಕ್ಕೆ ಈಗಲೂ ತಮ್ಮ ತಮ್ಮ ಕಲ್ಲಿನ ಮೇಲೇ ಕೂರುತ್ತಾರೆ. ವಾಲಿಬಾಲ್ ಅಂಗಳದಲ್ಲಿ, ಓದುವ ಗುಂಪಿನಲ್ಲಿ ಬೆರೆಯುತ್ತಾರೆ. ಬುತ್ತಿ ಬಿಚ್ಚುವಾಗ ಬೇರೆಯಾಗುತ್ತಾರೆ. ಕಲ್ಲು ಹಾಕಿದ ಮಾತ್ರಕ್ಕೆ ಅದು ಕರಗಲಿಲ್ಲ. ಸಂಜೆ ಅಂಗಡಿಯಲ್ಲಿ, ಹೊಲದಲ್ಲಿ ದುಡಿಯಬೇಕಾದ ಹುಡುಗರಿಗೂ ಈ ಬದಲಾವಣೆ ಮುಟ್ಟಿಲ್ಲ. ಅವರಿಗಾಗಿ ವೇಳಾಪಟ್ಟಿಯಲ್ಲಿ ಮಧ್ಯಾಹ್ನ ಒಂದು ತಾಸು ಎಲ್ಲ ವಿಭಾಗಕ್ಕೂ ಒಟ್ಟಿಗೆ ಬಿಡುವು ಕೊಡಬೇಕೆಂದು ಕೇಳಿದ್ದೇವೆ. ಎರಡು ವಿಭಾಗಗಳು ಪ್ರಯೋಗಾಲಯದ ಕಾರಣ ಹೇಳಿ ಇನ್ನೂ ಒಪ್ಪಿಲ್ಲ.

ಕುಲಪತಿಗಳ ಅವಧಿ ನಮ್ಮಲ್ಲಿ ನಾಲ್ಕು ವರ್ಷ. ಒಬ್ಬರ ಆಸಕ್ತಿಯಿಂದ ಆದ ಕೆಲಸ ಅವರ ಜೊತೆಗೇ ಹೋಗಿಬಿಡುತ್ತದೆ ಎಂಬ ಭಯವಿತ್ತು. ಹಾಗಾಗಿ ಗ್ರಂಥಾಲಯದ ಹೊತ್ತು, ಹಾಸ್ಟೆಲ್ ಹೊತ್ತು, ಕ್ಯಾಂಟೀನ್ ಕರಾರು ಮೂರನ್ನೂ ಅವರು ಹೋಗುವ ಮೊದಲೇ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನಲ್ಲಿ ಪಾಸು ಮಾಡಿಸಿಕೊಂಡೆವು. ಹೊಸಬರು ಬಂದ ಮೇಲೂ ಅವು ನಿಂತಿವೆ.

ಉಳಿದ ದೊಡ್ಡ ಕೊರತೆ ಹಳ್ಳಿಗಳಿಂದ ದಿನಾ ಬಂದುಹೋಗುವ ಹೆಣ್ಣುಮಕ್ಕಳದು. ಕ್ಯಾಂಪಸ್ಸಿನಿಂದ ಊರಿಗೆ ಏಳೂಮುಕ್ಕಾಲಿಗೆ ಬಸ್ಸಿದ್ದರೂ ಊರಿನಿಂದ ಅವರ ಹಳ್ಳಿಗೆ ಕೊನೆಯ ಬಸ್ಸು ಅದಕ್ಕೆ ಮೊದಲೇ ಹೋಗಿರುತ್ತದೆ. ಅವರು ಈಗಲೂ ನಾಲ್ಕೂವರೆಗೇ ಹೊರಡುತ್ತಾರೆ. ಈ ವರ್ಷ ವಿದ್ಯಾರ್ಥಿನಿಯರೇ ಸೇರಿ ಯಾವ ಹಳ್ಳಿಗೆ ಎಷ್ಟು ಜನ, ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಪಟ್ಟಿ ಮಾಡಿ ಡಿಪೊಗೆ ಕೊಟ್ಟಿದ್ದಾರೆ. ಕ್ಯಾಂಪಸ್ಸಿನಿಂದ ಆರು ಗಂಟೆಗೆ ಒಂದು ಬಸ್ಸು ಹೊರಡಬೇಕು, ಹಳ್ಳಿ ಬಸ್ಸುಗಳು ಅದು ಬಂದು ಸೇರುವವರೆಗೆ ನಿಲ್ದಾಣದಲ್ಲಿ ಕಾಯಬೇಕು ಎಂಬುದು ಅವರ ಬೇಡಿಕೆ. ಎರಡು ಮಾರ್ಗಗಳಿಗೆ ಡಿಪೊ ಒಪ್ಪಿದೆ. ಉಳಿದ ಮಾರ್ಗಗಳ ಮಾತುಕತೆ ನಡೆಯುತ್ತಿದೆ.